‘ಬಂಧು’ವಿಗೆ 5 ನಿಮಿಷ 40 ಸೆಕೆಂಡು

ಆಷಾಢದಲ್ಲಿ ಮದುವೆಗಳಿಲ್ಲ, ಆದರೆ ನಮ್ಮ ಅಂಗಡಿಗೆ ಬಿಡುವೂ ಇಲ್ಲ. ಶ್ರಾವಣದ ಮದುವೆಗಳ ಕರೆಯೋಲೆಗಳು ಅಚ್ಚಾಗುವುದು ಆಗಲೇ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಮಾನಪಾಡಾ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ನನ್ನ ಸೋದರಮಾವನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಕುಂದಾಪುರದ ಕಡೆಯಿಂದ 14ನೆಯ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಆಮೇಲೆ ಗಿರಗಾಂವ್‌ನ ಅಂಗಡಿಯೊಂದರಲ್ಲಿ ಈ ಕೆಲಸ ಕಲಿತವರು ಅವರು. ನಾನು ಅವರ ಕೈಕೆಳಗೆ ಕಲಿಯತೊಡಗಿ ಆರು ವರ್ಷವಾಯಿತು.

ಕಳೆದ ಮಳೆಗಾಲದ ಒಂದು ಗುರುವಾರ 500 ಕರೆಯೋಲೆಗಳ ಕೆಲಸ ಕೈಯಲ್ಲಿತ್ತು. ಕೆನೆಬಣ್ಣದ ದಪ್ಪ ಕಾಗದ, ಕುಂಕುಮಗೆಂಪು ಶಾಯಿ, ಒಳಗೆಲ್ಲ ಸಣ್ಣ ಕನ್ನಡ ಅಕ್ಷರ. ಹುಡುಗಿಯ ತಂದೆ ಶನಿವಾರ ಸಂಜೆ ಬಂದು ಒಯ್ಯುವವರಿದ್ದರು. ಭಾನುವಾರ ಬೆಳಗಿನ ರೈಲಿಗೆ ಊರಿಗೆ ಹೊರಟು ಮನೆಮನೆಗೆ ಹಂಚುವ ಯೋಜನೆ ಅವರದು.

ಈ ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಚೌಕಟ್ಟಿಗೆ ಬಿಗಿದ ತೆಳುವಾದ ಬೋಲ್ಟಿಂಗ್ ಬಟ್ಟೆಯೇ ಸ್ಕ್ರೀನ್. ಅದಕ್ಕೆ ಎಮಲ್ಷನ್ ಎಂಬ ಅಂಟುದ್ರವವನ್ನು ಸವರಿ ಕತ್ತಲೆಯಲ್ಲಿ ಒಣಗಿಸುತ್ತೇವೆ. ಅದರ ಮೇಲೆ ಅಕ್ಷರಗಳಿರುವ ಪಾರದರ್ಶಕ ಹಾಳೆಯನ್ನು, ಅಂದರೆ ಪಾಸಿಟಿವ್ ಅನ್ನು ಇಟ್ಟು ನೇರಳಾತೀತ ಬೆಳಕಿಗೆ ಒಡ್ಡುತ್ತೇವೆ. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ. ಕಪ್ಪು ಅಕ್ಷರದ ನೆರಳಿನಲ್ಲಿದ್ದ ಭಾಗ ಮೆತ್ತಗೇ ಉಳಿದು, ನೀರು ಬಿಟ್ಟೊಡನೆ ತೊಳೆದುಹೋಗುತ್ತದೆ. ಹಾಗೆ ತೆರೆದುಕೊಂಡ ದಾರಿಯಲ್ಲಿ ಶಾಯಿ ಕಾಗದಕ್ಕೆ ಇಳಿಯುತ್ತದೆ. ಎಷ್ಟು ಹೊತ್ತು ಬೆಳಕಿಗೆ ಒಡ್ಡಬೇಕು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮಾವನ ಕಾಲದಲ್ಲಿ ಈ ಕೆಲಸ ತಾರಸಿಯ ಮೇಲೆ, ಬಿಸಿಲಿನಲ್ಲಿ ನಡೆಯುತ್ತಿತ್ತು. ಅವರು ಸೂರ್ಯನನ್ನೊಮ್ಮೆ ನೋಡಿ ಮನಸ್ಸಿನಲ್ಲೇ ಎಣಿಸುತ್ತಿದ್ದರು. ಬೆಳಕಿಗೆ ಗಟ್ಟಿಯಾಗಲೆಂದು ಆಗ ಎಮಲ್ಷನ್‌ಗೆ ಬೆರೆಸುತ್ತಿದ್ದದ್ದು ಅಮೋನಿಯಂ ಬೈಕ್ರೋಮೇಟ್, ಕಿತ್ತಳೆ ಬಣ್ಣದ ಹರಳು. ಅದು ಕ್ಯಾನ್ಸರ್ ತರಬಲ್ಲ ವಸ್ತು, ಚರ್ಮವನ್ನೂ ತಿನ್ನುತ್ತದೆ. ಮಾವನ ಬಲಗೈ ಬೆರಳುಗಳ ಸಂದಿಯಲ್ಲಿ ಇಂದಿಗೂ ಅದರ ಹುಣ್ಣಿನ ಕಲೆಗಳಿವೆ. ನಾನು ಹಟ ಹಿಡಿದು ಅದನ್ನು ಬಿಡಿಸಿ, ಅದರ ಬದಲು ಡಯಾಜೋ ಎಂಬ ರಾಸಾಯನಿಕ ಬೆರೆಸುವ ಎಮಲ್ಷನ್ ತರಿಸಿದೆ. ಮಳೆಗಾಲಕ್ಕೆಂದು ಎರಡಡಿಯ ಆರು ಯು.ವಿ. ಟ್ಯೂಬುಗಳ ಪೆಟ್ಟಿಗೆಯೊಂದನ್ನೂ ಮಾಡಿಸಿದೆವು. ಈಗಲೂ ಯಾರಾದರೂ ಬರಿಗೈಯಲ್ಲಿ ಬೈಕ್ರೋಮೇಟ್ ಕಲಸುವುದನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎಮಲ್ಷನ್ ಮಾರಿದವರು ನಾಲ್ಕು ನಿಮಿಷ ಸಾಕೆಂದಿದ್ದರು. ಬೇಸಿಗೆಯಲ್ಲಿ ನಾವು ಹೆಚ್ಚಾಗಿ ಚೀಲಗಳ ಮೇಲೆ ದಪ್ಪ ಅಕ್ಷರಗಳನ್ನು ಅಚ್ಚು ಹಾಕಿದ್ದರಿಂದ ಆ ನಾಲ್ಕು ನಿಮಿಷ ಹೇಗೋ ನಡೆದುಹೋಗಿತ್ತು. ಗುರುವಾರವೂ ಅಷ್ಟೇ ಕೊಟ್ಟೆ. ನೀರು ಬಿಟ್ಟು ನೋಡಿದರೆ ಸ್ಕ್ರೀನಿನ ಒಳಮಗ್ಗುಲು, ಅಂದರೆ ಶಾಯಿ ಸುರಿಯುವ ಕಡೆ, ಲೋಳೆಲೋಳೆ, ಬೆರಳಿಗೆ ಬೆಂಡೆಕಾಯಿಯ ರಸದಂತೆ ಎಳೆ ಬರುತ್ತಿತ್ತು. ಸೊನ್ನೆಗಳ ನಡುವೆ ಉಳಿಯಬೇಕಿದ್ದ ಎಮಲ್ಷನ್ನಿನ ಸಣ್ಣ ಚುಕ್ಕೆಗಳೆಲ್ಲ ಕಿತ್ತುಹೋಗಿದ್ದವು. ಅಚ್ಚು ತೆಗೆದಾಗ ‘ಬಂಧು’ವಿನ ಸೊನ್ನೆ ಕರಿಮಣಿಯಂತೆ ತುಂಬಿಕೊಂಡಿತ್ತು. ಬೆಳಕು ಕಡಿಮೆಯಾಗಿದೆ ಎಂದು ಮುಂದಿನ ಸ್ಕ್ರೀನಿಗೆ ಎಂಟು ನಿಮಿಷ ಕೊಟ್ಟೆ. ಸೊನ್ನೆ ಉಳಿಯಿತು. ಆದರೆ ಧಕಾರದ ಕೆಳಗಿನ ಸೀಳು ತೊಳೆದುಹೋಗದೆ ಮುಚ್ಚಿಕೊಂಡಿತು.

‘ಬಂದು-ಬಾಂದವರೊಂದಿಗೆ ಆಗಮಿಸಿ’ ಎಂದಿತ್ತು ಕಾಗದದ ಮೇಲೆ. ಇನ್ನೂ ಮೇಲೆ ‘ದಾರಾ ಮುಹೂರ್ತ’.

ಕನ್ನಡದ ಲಿಪಿ ಸ್ಕ್ರೀನಿಗೆ ಇಂಥ ಕಠಿಣ ಪರೀಕ್ಷೆ ಒಡ್ಡುತ್ತದೆ. ಕೂದಲೆಳೆಯಷ್ಟು ಸೀಳು ಹೋದರೆ ಧನ ದನವಾಗುತ್ತದೆ, ಫಲ ಪಲವಾಗುತ್ತದೆ. ಮುಂಬಯಿಯಲ್ಲಿ ಕನ್ನಡದ ಕರೆಯೋಲೆಯನ್ನು ಅಚ್ಚು ಹಾಕಿಸುವವರು ದುಡ್ಡು ಉಳಿಸಲೆಂದು ಹಾಗೆ ಮಾಡುವುದಿಲ್ಲ. ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಹಾಕಿಸಿದರೆ ಸುಲಭವಾಗಿ ಮುಗಿಯುವ ಕೆಲಸವಿದು. ಊರಿನ ಹಿರಿಯರು ಕೈಗೆತ್ತಿಕೊಂಡು ಓದಲಿ ಎಂಬ ಆಸೆಯಿಂದ ಹಾಕಿಸುತ್ತಾರೆ. ಅಂಥವರ ಕೈಗೆ ಮಹಾಪ್ರಾಣವಿಲ್ಲದ ಬಂಧುಗಳನ್ನು ಕೊಡಲು ನನಗೆ ಮನಸ್ಸಾಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಎಂಟು ನಿಮಿಷದ ಸ್ಕ್ರೀನಿನಲ್ಲಿ ಸೀಳು ಮುಚ್ಚಿತ್ತು ಎಂದರೆ ಬೆಳಕು ಹೆಚ್ಚಾಯಿತೆಂದು ಅರ್ಥ. ಆದರೆ ಒಳಮಗ್ಗುಲು ಇನ್ನೂ ಸ್ವಲ್ಪ ಜಾರುತ್ತಿತ್ತು, ಅಂದರೆ ಬೆಳಕು ಸಾಲಲಿಲ್ಲ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಮಾವ ಸ್ಕ್ರೀನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದಕ್ಕೆ ಎರಡು ರೋಗ ಉಂಟು ಮಾರಾಯ. ಒಂದಕ್ಕೆ ಮದ್ದು ಕೊಟ್ಟರೆ ಇನ್ನೊಂದು ಉಲ್ಬಣಿಸುತ್ತದೆ. ನಿಮಿಷ ಹೆಚ್ಚು ಕಡಿಮೆ ಮಾಡಿ ಪ್ರಯೋಜನವಿಲ್ಲ. ಮೊದಲು ರೋಗ ಹುಡುಕು” ಎಂದರು.

ಮೊದಲನೆಯದು ಅವರ ಕೈಗೇ ಸಿಕ್ಕಿತು. ಪಾಸಿಟಿವ್ ಅನ್ನು ಟ್ಯೂಬ್‌ಲೈಟಿನ ಎದುರು ಎತ್ತಿ ಹಿಡಿದರು. ಬಟರ್ ಪೇಪರಿನ ಮೇಲೆ ಲೇಸರ್ ಪ್ರಿಂಟರಿನಲ್ಲಿ ತೆಗೆದದ್ದು. ಮೇಜಿನ ಮೇಲೆ ಕಡುಗಪ್ಪಾಗಿ ಕಂಡಿದ್ದ ಅಕ್ಷರಗಳು ಬೆಳಕಿನೆದುರು ಚಹಾದ ಡಿಕಾಕ್ಷನ್ನಿನಂತೆ ಕಂದಾಗಿ ಕಂಡವು. ಬೆಳಕು ಅಕ್ಷರದ ಮೂಲಕವೇ ಸೋರುತ್ತಿತ್ತು. ಎಂಟು ನಿಮಿಷ ಸೋರಿದರೆ ಕೂದಲಗಲದ ಸೀಳು ಉಳಿಯುವುದೆಲ್ಲಿ! ಮಳೆಯಲ್ಲೇ ಸ್ಟೇಷನ್ನಿನ ಬಳಿಗೆ ಓಡಿ ಫಿಲ್ಮ್ ಪಾಸಿಟಿವ್ ತೆಗೆಸಿ ತಂದೆ.

ಎರಡನೆಯದು ಗಾಳಿಯಲ್ಲೇ ಇತ್ತು. ಅಂಗಡಿಯ ತೇವಾಂಶ ಮಾಪಕ ಶೇ. 88 ತೋರಿಸುತ್ತಿತ್ತು. ಮುಟ್ಟಿದರೆ ಒಣಗಿದಂತೆ ಅನ್ನಿಸಿದ ಸ್ಕ್ರೀನ್ ಒಳಗೆ ಒಣಗಿರಲೇ ಇಲ್ಲ. ಎಮಲ್ಷನ್ನಿನಲ್ಲಿ ನೀರಿನ ಅಂಶ ಉಳಿದಿದ್ದರೆ ಎಷ್ಟೇ ಬೆಳಕು ಕೊಟ್ಟರೂ ಅದು ಪೂರ್ತಿ ಗಟ್ಟಿಯಾಗುವುದಿಲ್ಲ. ಬೆಳಕು ಮೇಲಿನಿಂದ ಒಳಗೆ ಇಳಿಯುತ್ತ ಹೋಗುವುದರಿಂದ ಒಳಮಗ್ಗುಲಿನ ಲೋಳೆಯಲ್ಲಿ ಆ ಕೊರತೆ ಕಾಣಿಸಿಕೊಳ್ಳುತ್ತದೆ. ಹಳೆಯ ಮರದ ಕಪಾಟೊಂದನ್ನು ಖಾಲಿ ಮಾಡಿ, ಕೆಳಗೆ ಬ್ಲೋವರ್ ಇಟ್ಟು, ಶಾಖ 40 ಡಿಗ್ರಿ ದಾಟದಂತೆ ಥರ್ಮಾಮೀಟರ್ ತೂಗುಹಾಕಿ, ಮೇಲೆ ಹಬೆ ಹೊರಹೋಗಲು ಸಂದು ಬಿಟ್ಟೆವು. ಹೊಸದಾಗಿ ಎಮಲ್ಷನ್ ಸವರಿದ ಸ್ಕ್ರೀನುಗಳನ್ನು, ಕಾಗದಕ್ಕೆ ತಾಗುವ ಅಚ್ಚಿನ ಮಗ್ಗುಲು ಕೆಳಗೆ ಬರುವಂತೆ, ಮಲಗಿಸಿ ರಾತ್ರಿ ಪೂರ್ತಿ ಬಿಟ್ಟೆವು.

ಶುಕ್ರವಾರ ಬೆಳಿಗ್ಗೆ ಪರೀಕ್ಷೆ. ಕರೆಯೋಲೆಯ ವಿಷಯವನ್ನೆಲ್ಲ ಬದಿಗಿಟ್ಟು, ‘ಬಂಧು’ ಎಂಬ ಒಂದೇ ಪದವನ್ನು ಕರೆಯೋಲೆಯ ಅಳತೆಯಲ್ಲೇ ಐದು ಸಾಲಾಗಿ ಫಿಲ್ಮಿನ ಮೇಲೆ ತೆಗೆಸಿದ್ದೆ. ಬೆಳಕು ಕಡಿಮೆಯಾದರೆ ಸೊನ್ನೆಯ ಹೊಟ್ಟೆ ತುಂಬುತ್ತದೆ, ಹೆಚ್ಚಾದರೆ ಧಕಾರದ ಸೀಳು ಮುಚ್ಚುತ್ತದೆ. ಎರಡೂ ಒಂದೇ ಪದದಲ್ಲಿವೆ. ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ.

ಚೌಕಟ್ಟಿನೊಳಗೆ ಕಪ್ಪುಬಟ್ಟೆ ಸುತ್ತಿದ ಫೋಮ್ ಇಟ್ಟು, ಅದರ ಮೇಲೆ ಸ್ಕ್ರೀನ್, ಫಿಲ್ಮಿನ ಮಸಿಯ ಮಗ್ಗುಲು ಎಮಲ್ಷನ್‌ಗೆ ತಾಗುವಂತೆ ಪಾಸಿಟಿವ್, ಅದರ ಮೇಲೆ ದಪ್ಪ ಗಾಜು. ಮೇಲಿನಿಂದ ನೋಡಿದರೆ ‘ಬಂಧು’ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತಿತ್ತು. ಮಸಿಗೂ ಎಮಲ್ಷನ್‌ಗೂ ನಡುವೆ ಒಂದಿಷ್ಟು ಸಂದು ಉಳಿದರೂ ಬೆಳಕು ಅಡಿಯಿಂದ ನುಸುಳಿ ಸಣ್ಣ ಗೆರೆಗಳನ್ನು ತಿಂದುಬಿಡುತ್ತದೆ. ಅದಕ್ಕೇ ಗಾಜಿನ ನಾಲ್ಕು ಮೂಲೆಗಳಿಗೂ ತೂಕ ಹೇರಿದೆ.

ಎರಡು ನಿಮಿಷ ಇಡೀ ಸ್ಕ್ರೀನಿಗೆ ಬೆಳಕು. ಆಮೇಲೆ ಗಾಜಿನ ಮೇಲೆ ಕಪ್ಪು ರಟ್ಟು ಸರಿಸಿ ಮೊದಲ ಸಾಲನ್ನು ಮುಚ್ಚಿದೆ. ಇನ್ನೂ 50 ಸೆಕೆಂಡು ಬಿಟ್ಟು ಎರಡನೆಯದು, ಮತ್ತೆ 70 ಸೆಕೆಂಡಿಗೆ ಮೂರನೆಯದು, 100 ಸೆಕೆಂಡಿಗೆ ನಾಲ್ಕನೆಯದು. ಕೊನೆಯ ಸಾಲಿಗೆ ಇನ್ನೂ 140 ಸೆಕೆಂಡು. ಹೀಗೆ ಒಂದೇ ಸ್ಕ್ರೀನಿನಲ್ಲಿ 2 ನಿಮಿಷ, 2 ನಿಮಿಷ 50 ಸೆಕೆಂಡು, 4 ನಿಮಿಷ, 5 ನಿಮಿಷ 40 ಸೆಕೆಂಡು ಮತ್ತು 8 ನಿಮಿಷದ ಐದು ಪಟ್ಟಿಗಳು. ಪ್ರತಿ ಸಲವೂ ಒಂದೊಂದೇ ನಿಮಿಷ ಏರಿಸಬಾರದೇಕೆ ಎಂದು ಮಾವ ಕೇಳಿದರು. ಎರಡು ನಿಮಿಷಕ್ಕೆ ಒಂದು ನಿಮಿಷ ಸೇರಿಸಿದರೆ ಬೆಳಕು ಅರ್ಧದಷ್ಟು ಹೆಚ್ಚುತ್ತದೆ, ಏಳಕ್ಕೆ ಒಂದು ಸೇರಿಸಿದರೆ ಏನೂ ಅನ್ನಿಸುವುದಿಲ್ಲ. ಅದಕ್ಕೇ ಎರಡು ಹೆಜ್ಜೆಗೆ ದುಪ್ಪಟ್ಟಾಗುವಂತೆ ಏರಿಸಿದೆ ಎಂದೆ. “ಸಾರಿಗೆ ಉಪ್ಪು ಹಾಕುವ ಲೆಕ್ಕ” ಎಂದರು.

ತೊಳೆಯುವ ಮೊದಲೇ ಸ್ಕ್ರೀನ್ ಅರ್ಧ ಉತ್ತರ ಹೇಳಿತ್ತು. ನಮ್ಮ ಎಮಲ್ಷನ್ ನೀಲಿ, ಡಯಾಜೋ ಹಳದಿ, ಎರಡೂ ಸೇರಿ ಹಸಿರು. ಬೆಳಕು ಕುಡಿದಷ್ಟೂ ಹಳದಿ ಕರಗಿ ಹಸಿರು ನೀಲಿಯಾಗುತ್ತ ಹೋಗುತ್ತದೆ. ಮೊದಲ ಪಟ್ಟಿ ಎಳೆ ಬಾಳೆಎಲೆಯ ಹಸಿರು, ಎರಡನೆಯದು ಅದಕ್ಕಿಂತ ಮಾಸಲು, ಮೂರನೆಯದರಲ್ಲಿ ಹಸಿರಿನ ಛಾಯೆಯಷ್ಟೇ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವಿನ ಗೆರೆ ಎಷ್ಟು ಹುಡುಕಿದರೂ ನನ್ನ ಕಣ್ಣಿಗೆ ಸಿಗಲಿಲ್ಲ. ಅಂದರೆ 5 ನಿಮಿಷ 40 ಸೆಕೆಂಡಿನ ಹೊತ್ತಿಗೆ ಕರಗಬೇಕಾದ ಹಳದಿಯೆಲ್ಲ ಕರಗಿತ್ತು.

ಎರಡೂ ಮಗ್ಗುಲಿಗೆ ಮೆಲ್ಲಗೆ ನೀರು ಚಿಮುಕಿಸಿ ಒಂದು ನಿಮಿಷ ಬಿಟ್ಟು ತೊಳೆದೆ. ಮೊದಲ ಸಾಲು ಕೈಯಲ್ಲೇ ಕರಗಿ ಇಳಿಯಿತು. ಎರಡನೆಯದರಲ್ಲಿ ಸೊನ್ನೆಯ ನಡುವಿನ ಚುಕ್ಕೆ ಕಿತ್ತುಹೋಗಿತ್ತು. ನಾಲ್ಕು ನಿಮಿಷದ ಸಾಲಿನಲ್ಲಿ ಸೊನ್ನೆಯ ಚುಕ್ಕೆ ನಿಂತಿತ್ತು, ಆದರೆ ಒಳಗಿನಿಂದ ಬೆರಳಾಡಿಸಿದರೆ ನವಿರಾಗಿ ಜಾರುತ್ತಿತ್ತು. ಎಂಟು ನಿಮಿಷದಲ್ಲಿ ಚುಕ್ಕೆ ಗಟ್ಟಿ, ಸೀಳು ಮಾತ್ರ ಅರ್ಧಕ್ಕೆ ನಿಂತಿತ್ತು. ನಾಲ್ಕನೆಯ ಸಾಲಿಗೆ ಭೂತಕನ್ನಡಿ ಹಿಡಿದೆ. ಸೊನ್ನೆಯ ನಡುವೆ ಸಾಸಿವೆಯ ಚೂರಿನಷ್ಟು ಎಮಲ್ಷನ್, ಅಂಚು ಹರಿಯದೆ ದುಂಡಗೆ ಕುಳಿತಿತ್ತು. ಧಕಾರದ ಕೆಳಗೆ ಸೀಳು ತುದಿಯವರೆಗೂ ತೆರೆದು, ಬೋಲ್ಟಿಂಗ್ ಬಟ್ಟೆಯ ಎಳೆಗಳು ಅದರೊಳಗೆ ಅಡ್ಡಲಾಗಿ ಕಾಣುತ್ತಿದ್ದವು. ಒಳಮಗ್ಗುಲು ಒದ್ದೆ ಗಾಜಿನಂತೆ ಕಿರ್ರೆಂದಿತು.

ಈ 5 ನಿಮಿಷ 40 ಸೆಕೆಂಡನ್ನು ಯಾರೂ ಬರೆದಿಟ್ಟುಕೊಳ್ಳಬೇಡಿ. ನಮ್ಮದು ಬಿಳಿ ಬಟ್ಟೆ. ಅದು ಬೆಳಕನ್ನು ಎಳೆಗಳ ಉದ್ದಕ್ಕೂ ಚದುರಿಸುತ್ತದೆ. ಹಳದಿ ಬಟ್ಟೆಯಾದರೆ ಚದುರುವುದು ಕಡಿಮೆ, ಗೆರೆ ಚೂಪು, ಆದರೆ ಹೊತ್ತು ಹೆಚ್ಚು ಬೇಕು. ಎಮಲ್ಷನ್ ಒಂದು ಸಲ ಹೆಚ್ಚು ಸವರಿದರೂ ಲೆಕ್ಕ ಬದಲಾಗುತ್ತದೆ; ಟ್ಯೂಬು ಹಳೆಯದಾದಂತೆ ನೇರಳಾತೀತ ಬೆಳಕು ಕುಂದುತ್ತದೆ, ಕಣ್ಣಿಗೆ ಮಾತ್ರ ಅಷ್ಟೇ ಉರಿದಂತೆ ಕಾಣುತ್ತದೆ. ನಮಗೆ ನಾಲ್ಕು ನಿಮಿಷ ಹೇಳಿದವರೂ ಸುಳ್ಳು ಹೇಳಿರಲಿಕ್ಕಿಲ್ಲ, ಅದು ಅವರ ಸ್ಕ್ರೀನಿನ ಮಾತು. ನಾನು ಈಗ ಹೊಸ ಡಬ್ಬಿ ತೆರೆದಾಗಲೆಲ್ಲ, ಮಳೆ ಹಿಡಿದಾಗ ಮತ್ತು ಬಿಟ್ಟಾಗ, ‘ಬಂಧು’ವಿನ ಆ ಫಿಲ್ಮನ್ನು ಹೊರಗೆ ತೆಗೆಯುತ್ತೇನೆ.

ಶನಿವಾರ ಬೆಳಿಗ್ಗೆ ಕರೆಯೋಲೆಯ ಸ್ಕ್ರೀನ್ ಸಿದ್ಧವಾಯಿತು. ಚೌಕಟ್ಟಿನ ಮರದ ಮೇಲೆ ಮಾವನೇ ಪೆನ್ಸಿಲಿನಿಂದ ‘ಆಷಾಢ, 5-40’ ಎಂದು ಬರೆದರು. ನಾನು ಶಾಯಿ ಸುರಿದು, ರಬ್ಬರ್ ಪಟ್ಟಿಯ ಸ್ಕ್ವೀಜಿ ಎಳೆದೆ. ಮೊದಲ ಕರೆಯೋಲೆಯನ್ನು ಅವರು ಎರಡೂ ಕೈಯಲ್ಲಿ ಹಿಡಿದು ಬಾಗಿಲಿನ ಬೆಳಕಿಗೆ ಒಯ್ದು, ಕನ್ನಡಕ ಹಣೆಗೇರಿಸಿ, ಭೂತಕನ್ನಡಿ ಇಟ್ಟು ‘ಶ್ರೀ’ಯಿಂದ ಕೊನೆಯ ಸಾಲಿನವರೆಗೂ ತುಟಿಯಲ್ಲೇ ಓದಿದರು. ‘ಬಂಧು-ಬಾಂಧವರೊಂದಿಗೆ’ ಎಂಬಲ್ಲಿ ಭೂತಕನ್ನಡಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅದರ ನಾಲ್ಕು ಮೂಲೆಗಳಿಗೆ ಅರಸಿನ ಹಚ್ಚಿ ದೇವರ ಪಟದ ಕೆಳಗೆ ಒರಗಿಸಿಟ್ಟು, ನನ್ನ ಕಡೆ ತಿರುಗಿದರು.

“ಹೂಂ, ಎಳೆ. ಇನ್ನು 499 ಉಂಟು.”