ಹೊಟ್ಟೆಬಟ್ಟೆ ಕಟ್ಟಿ ಎಂದು ಹೇಳುವವರು

ಕಷ್ಟಕಾಲದಲ್ಲಿ ಸರ್ಕಾರ ತ್ಯಾಗ ಕೇಳಿದರೆ ಜನ ಸಿಡಿಮಿಡಿಗೊಳ್ಳುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1965ರಲ್ಲಿ ಯುದ್ಧವೂ ಆಹಾರಧಾನ್ಯದ ಕೊರತೆಯೂ ಒಟ್ಟಿಗೆ ಬಂದಾಗ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡರು, ಜನ ಬಿಟ್ಟರು. ಆ ಕರೆ ಕೊಡುವುದಕ್ಕೆ ಮೊದಲು ಮಕ್ಕಳೂ ಸೇರಿದಂತೆ ತಮ್ಮ ಮನೆಯವರೆಲ್ಲ ಒಂದು ಹೊತ್ತು ಉಪವಾಸ ಇರಬಲ್ಲರೇ ಎಂದು ಅವರು ಪರೀಕ್ಷಿಸಿ ನೋಡಿದ್ದರೆಂದು ಅವರ ಕುಟುಂಬದವರು ಹೇಳಿಕೊಂಡಿದ್ದಾರೆ. ಕರೆಗೆ ಕಾನೂನಿನ ಬಲವಿರಲಿಲ್ಲ, ದಂಡದ ಭಯವೂ ಇರಲಿಲ್ಲ. ಕೇಳಿದವನು ತಾನೂ ಉಪವಾಸವಿದ್ದಾನೆ ಎಂಬ ನಂಬಿಕೆಯೊಂದೇ ಅದನ್ನು ನಡೆಸಿತು.

ಈ ನಂಬಿಕೆ ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆ ನನಗೆ ಹೆಚ್ಚು ಪಾಠ ಕಲಿಸಿದೆ. 2009ರ ಅಕ್ಟೋಬರಿನಲ್ಲಿ, ಆಗಿನ್ನೂ ವಿರೋಧ ಪಕ್ಷದಲ್ಲಿದ್ದ ಜಾರ್ಜ್ ಆಸ್ಬರ್ನ್ ತಮ್ಮ ಪಕ್ಷದ ಸಮ್ಮೇಳನದಲ್ಲಿ ಮುಂದಿನ ಮಿತವ್ಯಯದ ದಿನಗಳ ಬಗ್ಗೆ ಮಾತನಾಡುತ್ತ, ಇದರಲ್ಲಿ ನಾವೆಲ್ಲರೂ ಒಟ್ಟಿಗಿದ್ದೇವೆ ಎಂದು ಮತ್ತೆ ಮತ್ತೆ ಹೇಳಿದರು. ಮರುವರ್ಷ ಅವರು ಹಣಕಾಸು ಮಂತ್ರಿಯಾದರು. ಸರ್ಕಾರಿ ನೌಕರರ ಸಂಬಳ ಏರದಂತೆ ತಡೆದರು, ಮೌಲ್ಯವರ್ಧಿತ ತೆರಿಗೆಯನ್ನು ಶೇ. 20ಕ್ಕೆ ಏರಿಸಿದರು, ನೆರವಿನ ಯೋಜನೆಗಳಿಗೆ ಕತ್ತರಿ ಹಾಕಿದರು. ನ್ಯಾಯವಾಗಿ ಹೇಳಬೇಕೆಂದರೆ ಆ ಸರ್ಕಾರದ ಮಂತ್ರಿಗಳು ಅಧಿಕಾರಕ್ಕೆ ಬಂದ ಕೂಡಲೇ ತಮ್ಮ ಸಂಬಳವನ್ನೂ ಶೇ. 5ರಷ್ಟು ಇಳಿಸಿಕೊಂಡಿದ್ದರು. ಆದರೆ 2012ರ ಬಜೆಟ್ಟಿನಲ್ಲಿ ಅತಿ ಹೆಚ್ಚು ಆದಾಯದವರ ತೆರಿಗೆ ದರವನ್ನು ಶೇ. 50ರಿಂದ 45ಕ್ಕೆ ಇಳಿಸಲು ತೀರ್ಮಾನವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಪ್ರದಾನ ಮಾಡಲು ಆಸ್ಬರ್ನ್ ಕ್ರೀಡಾಂಗಣಕ್ಕೆ ಇಳಿದಾಗ, ಧ್ವನಿವರ್ಧಕದಲ್ಲಿ ಅವರ ಹೆಸರು ಕೇಳಿಸಿದ್ದೇ ತಡ, ತುಂಬಿದ ಕ್ರೀಡಾಂಗಣ ಅವರನ್ನು ಕೂಗಿ ಅಣಕಿಸಿತು. ಅದು ಪಕ್ಷವೊಂದು ಕರೆತಂದ ಗುಂಪಲ್ಲ, ಟಿಕೆಟ್ ಕೊಂಡು ಓಟ ನೋಡಲು ಬಂದಿದ್ದ ಜನ. ಅಂಗವಿಕಲರ ನೆರವಿಗೆ ಕತ್ತರಿ ಬೀಳುತ್ತಿದ್ದ ಕಾಲದಲ್ಲಿ ಅಂಗವಿಕಲ ಕ್ರೀಡಾಪಟುಗಳ ಕೊರಳಿಗೆ ಪದಕ ಹಾಕಲು ಬಂದವರನ್ನು ಕಂಡಾಗ, ‘ನಾವೆಲ್ಲರೂ’ ಎಂಬ ಮಾತಿನೊಳಗೆ ಯಾರು ಯಾರು ಸೇರುತ್ತಾರೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಂಥ ಟೀಕೆಗೆ ಅಧಿಕಾರದಲ್ಲಿರುವವರ ಸಿದ್ಧ ಉತ್ತರ ಲೆಕ್ಕದ್ದು. ಎಲ್ಲ ಮಂತ್ರಿಗಳ ಸಂಬಳ, ಭತ್ಯೆ, ಬಂಗಲೆ, ಬೆಂಗಾವಲು ಕಿತ್ತುಕೊಂಡರೂ ಖಜಾನೆಯ ಕೊರತೆ ನೀಗುವುದಿಲ್ಲ ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಯಾರೂ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. 2009ರಲ್ಲೇ ಬ್ರಿಟಿಷ್ ಸಂಸದರ ಖರ್ಚುವೆಚ್ಚದ ಕಡತಗಳು ಬಯಲಾದಾಗ, ಸಂಸದರೊಬ್ಬರು ತಮ್ಮ ಕೊಳದ ಬಾತುಕೋಳಿಗಳಿಗೆಂದು ಕೊಂಡ ತೇಲುವ ಗೂಡಿನ 1,645 ಪೌಂಡನ್ನೂ ಸಾರ್ವಜನಿಕ ಹಣದಿಂದ ಕೇಳಿದ್ದರೆಂದು ಗೊತ್ತಾಯಿತು. ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಮೊತ್ತಗಳು ಆ ಕಡತಗಳಲ್ಲಿದ್ದರೂ ಜನರ ನೆನಪಿನಲ್ಲಿ ಉಳಿದದ್ದು ಬಾತುಕೋಳಿಯ ಗೂಡು. ಅದರ ಹಣವನ್ನು ಸಂಸದರ ಖರ್ಚು ನೋಡಿಕೊಳ್ಳುವ ಕಚೇರಿ ಕೊಡಲೇ ಇಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಅಂದರೆ ಖಜಾನೆಗೆ ಆದ ನಷ್ಟ ಸೊನ್ನೆ. ಆದರೂ ಜನ ಕ್ಷಮಿಸಲಿಲ್ಲ, ಏಕೆಂದರೆ ಅಂಥದ್ದನ್ನು ಕೇಳಬಹುದು ಎಂದು ಆ ಮನುಷ್ಯನಿಗೆ ಅನ್ನಿಸಿದ್ದೇ ಅವರಿಗೆ ಸಾಕಾಗಿತ್ತು.

ಹಾಗಾಗಿ ಇದನ್ನು ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವುದು ತಪ್ಪು. ಶ್ರೀಮಂತ ವ್ಯಾಪಾರಿಯ ಮೇಲೆ ಜನಕ್ಕೆ ಇಷ್ಟು ಸಿಟ್ಟು ಬರುವುದಿಲ್ಲ. ಅವನು ಯಾರಿಗೂ ಉಪವಾಸದ ಉಪದೇಶ ಮಾಡುತ್ತಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆಯ ಗುರಿ ಬದನೆಕಾಯಿ ತಿನ್ನುವವರೆಲ್ಲ ಅಲ್ಲವಲ್ಲ.

ಕೋವಿಡ್ ಕಾಲ ಈ ವಿಷಯದಲ್ಲಿ ಹಲವು ದೇಶಗಳ ನಾಯಕರನ್ನು ಒಂದೇ ಪರೀಕ್ಷೆಗೆ ಕೂರಿಸಿತು. ಲಂಡನ್ನಿನಲ್ಲಿ ಪ್ರಧಾನಿ ನಿವಾಸವಿರುವ ಡೌನಿಂಗ್ ಸ್ಟ್ರೀಟ್ ಮತ್ತು ಸುತ್ತಲಿನ ಸರ್ಕಾರಿ ಕಚೇರಿಗಳಲ್ಲಿ ನಿರ್ಬಂಧ ಮೀರಿ ನಡೆದ ಕೂಟಗಳ ಕಥೆ ಎಲ್ಲರಿಗೂ ಗೊತ್ತಿರುವುದೇ: ಪೊಲೀಸರು 126 ದಂಡದ ನೋಟಿಸು ಕೊಟ್ಟರು, ಅವುಗಳಲ್ಲೊಂದು ಪ್ರಧಾನಿ ಬೋರಿಸ್ ಜಾನ್ಸನ್ ಅವರಿಗೆ. ನಾನು ಹೆಚ್ಚು ಗಮನಿಸಿದ್ದು ನಾರ್ವೆಯ ಪ್ರಕರಣವನ್ನು. 2021ರ ಫೆಬ್ರವರಿಯಲ್ಲಿ ಪ್ರಧಾನಿ ಅರ್ನಾ ಸೋಲ್ಬರ್ಗ್ ತಮ್ಮ 60ನೇ ಹುಟ್ಟುಹಬ್ಬಕ್ಕೆ ಕುಟುಂಬದವರೊಂದಿಗೆ ಗೈಲೊ ಎಂಬ ಬೆಟ್ಟದೂರಿಗೆ ಹೋದರು. ಇಂಥ ಕೂಟಕ್ಕೆ ಇದ್ದ ಮಿತಿ ಹತ್ತು ಜನ. ಸೇರಿದವರು ಅದಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೆ. ಪೊಲೀಸರು 20,000 ಕ್ರೋನ್ ದಂಡ ಹಾಕಿದರು. ಬೇರೆಯವರಾಗಿದ್ದರೆ ಬಹುಶಃ ದಂಡವಿಲ್ಲದೆ ಬಿಡಬಹುದಾಗಿದ್ದ ತಪ್ಪು ಇದು, ಆದರೆ ನಿರ್ಬಂಧಗಳನ್ನು ಹೇರಿದ ಸರ್ಕಾರದ ಮುಖವೇ ಇವರಾದ್ದರಿಂದ ನಿಯಮಗಳ ಮೇಲಿನ ಜನರ ವಿಶ್ವಾಸ ಉಳಿಯಬೇಕಾದರೆ ದಂಡ ಹಾಕಲೇಬೇಕು ಎಂಬರ್ಥದ ಕಾರಣವನ್ನು ಪೊಲೀಸ್ ಮುಖ್ಯಸ್ಥರು ಬಹಿರಂಗವಾಗಿ ಕೊಟ್ಟರು. ಸೋಲ್ಬರ್ಗ್ ಕ್ಷಮೆ ಕೇಳಿ ದಂಡ ಕಟ್ಟಿದರು. ಸಾಮಾನ್ಯವಾಗಿ ಅಧಿಕಾರ ಎಂದರೆ ಸಣ್ಣ ತಪ್ಪಿಗೆ ದೊಡ್ಡ ರಿಯಾಯಿತಿ. ಆ ಪೊಲೀಸರು ಆ ತಕ್ಕಡಿಯನ್ನು ತಿರುಗಿಸಿ ಹಿಡಿದರು.

ಸವಲತ್ತಿನಿಂದ ಇನ್ನೊಂದು ಕೇಡಿದೆ, ಅದರ ಬಗ್ಗೆ ಕಡಿಮೆ ಮಾತಾಗುತ್ತದೆ. ಸರದಿಯಲ್ಲಿ ನಿಲ್ಲದವನಿಗೆ ಸರದಿಯ ಉದ್ದ ತಿಳಿಯುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ತಾನು ಮಲಗದೆ, ಸರ್ಕಾರಿ ಶಾಲೆಗೆ ತನ್ನ ಮಕ್ಕಳನ್ನು ಕಳಿಸದೆ, ಕೈಯಿಂದ ಇಂಧನದ ಬಿಲ್ಲು ಕಟ್ಟದೆ ವರ್ಷಗಟ್ಟಲೆ ಬದುಕಿದ ಮನುಷ್ಯ ‘ಸ್ವಲ್ಪ ದಿನ ಸಹಿಸಿಕೊಳ್ಳಿ’ ಎಂದಾಗ ಆ ‘ಸ್ವಲ್ಪ’ ಎಷ್ಟು ಎಂಬುದು ಅವನಿಗೇ ಗೊತ್ತಿರುವುದಿಲ್ಲ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಅಳತೆಗೋಲೇ ಅವನ ಕೈಯಲ್ಲಿಲ್ಲ.

ಇದಕ್ಕೆ ಪರಿಹಾರವೆಂದು ಸರಳತೆಯ ಪ್ರದರ್ಶನ ಮಾಡುವವರ ಬಗ್ಗೆಯೂ ನನಗೆ ಅಷ್ಟೇ ಅನುಮಾನ. ಕ್ಯಾಮೆರಾದ ಮುಂದೆ ಒಂದು ದಿನ ಬಸ್ಸು ಹತ್ತುವುದಕ್ಕೂ ನಿತ್ಯ ಬಸ್ಸಿನಲ್ಲಿ ಓಡಾಡುವುದಕ್ಕೂ ಇರುವ ವ್ಯತ್ಯಾಸ ಬಸ್ಸಿನಲ್ಲಿರುವವರಿಗೆ ಚೆನ್ನಾಗಿ ಗೊತ್ತು. ನೋಡಬೇಕಾದದ್ದು ಯಾರು ಯಾರ ಸವಲತ್ತನ್ನು ನಿರ್ಧರಿಸುತ್ತಾರೆ ಎಂಬುದನ್ನು. ನಮ್ಮ ಸಂವಿಧಾನದ 106ನೇ ವಿಧಿಯ ಪ್ರಕಾರ ಸಂಸದರ ಸಂಬಳ, ಭತ್ಯೆಗಳನ್ನು ಕಾನೂನಿನ ಮೂಲಕ ನಿಗದಿ ಮಾಡುವುದು ಸಂಸತ್ತೇ. 2020ರ ಏಪ್ರಿಲಿನಲ್ಲಿ ಒಂದು ವರ್ಷದ ಮಟ್ಟಿಗೆ ಸಂಸದರ ಸಂಬಳವನ್ನು ಶೇ. 30ರಷ್ಟು ಕಡಿಮೆ ಮಾಡಿದ್ದು ಒಳ್ಳೆಯದೇ, ಆದರೆ ಸಂಬಳವೆಂಬುದು ಸವಲತ್ತಿನ ಕಣ್ಣಿಗೆ ಕಾಣುವ ತುದಿ ಮಾತ್ರ. ಉತ್ತರ ಪ್ರದೇಶದಲ್ಲಿ 1981ರ ಕಾನೂನೊಂದರ ಆಸರೆಯಲ್ಲಿ ಮುಖ್ಯಮಂತ್ರಿ ಮತ್ತು ಮಂತ್ರಿಗಳ ಆದಾಯ ತೆರಿಗೆಯನ್ನು ಸರ್ಕಾರದ ಬೊಕ್ಕಸವೇ ಕಟ್ಟುತ್ತಿತ್ತು. ಹಲವು ಪಕ್ಷಗಳು ಬಂದು ಹೋದವು, ವ್ಯವಸ್ಥೆ ಮಾತ್ರ ಉಳಿಯಿತು. 2019ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲಷ್ಟೇ, ಇನ್ನು ಮುಂದೆ ತಮ್ಮ ತೆರಿಗೆ ತಾವೇ ಕಟ್ಟುತ್ತೇವೆ ಎಂಬ ಘೋಷಣೆ ಹೊರಬಿತ್ತು.

ಅಮೆರಿಕದ ಸಂವಿಧಾನದ 27ನೇ ತಿದ್ದುಪಡಿಯ ಪ್ರಕಾರ ಕಾಂಗ್ರೆಸ್ ಸದಸ್ಯರು ತಮ್ಮ ಸಂಬಳವನ್ನು ಬದಲಾಯಿಸಿದರೆ ನಡುವೆ ಒಂದು ಚುನಾವಣೆ ನಡೆಯುವವರೆಗೆ ಅದು ಜಾರಿಗೆ ಬರುವಂತಿಲ್ಲ. 1789ರಲ್ಲಿ ಮಂಡನೆಯಾದ ಈ ಪುಟ್ಟ ವಾಕ್ಯ ಅಂಗೀಕಾರವಾಗಲು 1992 ಬರಬೇಕಾಯಿತು. ಬ್ರಿಟನ್ ಬಾತುಕೋಳಿಯ ಹಗರಣದ ನಂತರ ಸಂಸದರ ಖರ್ಚನ್ನು ಸ್ವತಂತ್ರ ಸಂಸ್ಥೆಯೊಂದಕ್ಕೆ ಒಪ್ಪಿಸಿತು, ಆಮೇಲೆ ಸಂಬಳದ ಹೊಣೆಯನ್ನೂ ಅದಕ್ಕೇ ಕೊಟ್ಟಿತು. 2015ರಲ್ಲಿ ಆ ಸಂಸ್ಥೆ, ಉಳಿದ ಸರ್ಕಾರಿ ನೌಕರರ ಸಂಬಳ ಏರಿಕೆಗೆ ಶೇ. 1ರ ಮಿತಿಯಿದ್ದಾಗಲೇ, ಸಂಸದರ ಸಂಬಳವನ್ನು 67,060 ಪೌಂಡಿನಿಂದ 74,000ಕ್ಕೆ ಏರಿಸಿತು. ಜನ ಮತ್ತೆ ಕೆರಳಿದರು. ಹಲವು ಸಂಸದರು ಹೆಚ್ಚಳವನ್ನು ದಾನ ಮಾಡುತ್ತೇವೆಂದು ಹೇಳಬೇಕಾಯಿತು. ಆದರೂ ನನಗೆ ಈ ಏರ್ಪಾಟೇ ಮೇಲೆನಿಸುತ್ತದೆ. ಆ ನಿರ್ಧಾರ ಯಾರದು, ಅದಕ್ಕೆ ಕೊಟ್ಟ ಕಾರಣವೇನು, ಯಾವ ಸಂಸದ ಯಾವುದಕ್ಕೆ ಎಷ್ಟು ಹಣ ಕೇಳಿದ ಎಂಬುದೆಲ್ಲ ಆ ಸಂಸ್ಥೆಯ ಪ್ರಕಟಿತ ದಾಖಲೆಗಳಲ್ಲಿ ಯಾರು ಬೇಕಾದರೂ ಓದಿಕೊಳ್ಳುವಂತಿದೆ, ಸೋರಿಕೆಯಾದ ಕಡತಕ್ಕಾಗಿ ಕಾಯಬೇಕಾಗಿಲ್ಲ.