ಕ್ಯಾಬಿನ್ನಿನೊಳಗಿನ ಹೊಗೆಯ ಮೂಲ

ನಮ್ಮ ಹಳೆಯ ಲಾರಿ ಶಿರಾಡಿ ಘಾಟಿಯನ್ನು ಏರುವಾಗಲೆಲ್ಲ ಕ್ಯಾಬಿನ್ನಿನಲ್ಲಿ ಹೊಗೆಯ ವಾಸನೆ ತುಂಬಿ, ಸಕಲೇಶಪುರ ತಲುಪುವಷ್ಟರಲ್ಲಿ ನನಗೂ ಕ್ಲೀನರ್ ಹುಡುಗನಿಗೂ ತಲೆ ಸಿಡಿಯುತ್ತಿತ್ತು. ಸೈಲೆನ್ಸರ್ ತೂತಾಗಿರಬೇಕೆಂದು ಮೊದಲು ಅದನ್ನೇ ಬದಲಾಯಿಸಿದೆವು, ಪ್ರಯೋಜನವಾಗಲಿಲ್ಲ. ಕೊನೆಗೆ ಎಂಜಿನ್ ತಣ್ಣಗಾದ ಮೇಲೆ ಟಾರ್ಚು ಹಿಡಿದು ನೋಡಿದಾಗ, ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿನತ್ತ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಂಬ ಕೊಳವೆ ಎಂಜಿನ್ನಿಗೆ ಕೂಡುವ ಜಾಗದಲ್ಲಿ ಕಾಡಿಗೆ ತೀಡಿದಂತೆ ಮಸಿಯ ಗೆರೆಯೊಂದು ಕಂಡಿತು. ಅಲ್ಲಿನ ಗ್ಯಾಸ್ಕೆಟ್, ಅಂದರೆ ಸಂದಿಯಿಂದ ಹೊಗೆ ಸೋರದಂತೆ ತಡೆಯುವ ಹಾಳೆ, ಸುಟ್ಟುಹೋಗಿತ್ತು. ಆ ಹೊಗೆ ಒಳಗೆ ನುಗ್ಗುತ್ತಿದ್ದುದು ಗೇರ್ ಲಿವರಿನ ಬುಡದಲ್ಲಿ ಹರಿದಿದ್ದ ರಬ್ಬರಿನ ಮೂಲಕ. ಎಂಜಿನ್ ಚಾಲೂ ಮಾಡಿ ಅಲ್ಲಿ ಊದುಬತ್ತಿ ಹಿಡಿದಾಗ, ಅದರ ಎಳೆಹೊಗೆ ಸೀಟಿನ ಕಡೆಗೆ ಬಾಗಿತು. ಎರಡನ್ನೂ ಹೊಸದು ಹಾಕಿಸಿದೆವು. ಇಂಥ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದ್ದರಿಂದ ಕಿಟಕಿ ತೆರೆದರೆ ಸಾಕೆಂದು ನಂಬಿ, ಎಂಜಿನ್ ಓಡುತ್ತಿರುವ ಲಾರಿಯಲ್ಲಿ ಯಾರೂ ಮಲಗಬೇಡಿ.