ಜೀರ್ಣ ಬೇರೆ, ಶಿಥಿಲ ಬೇರೆ: ಹಳೇ ಕಟ್ಟಡದ ವರದಿ ಬರೆಯುವವರಿಗೆ

ಹಳೇ ಮನೆ ನೋಡಿ ಬಂದವರು ವರದಿಯಲ್ಲಿ ‘ಕಟ್ಟಡ ಜೀರ್ಣಗೊಂಡು ಶಿಥಿಲವಾಗಿದೆ’ ಎಂದು ಒಂದೇ ಉಸಿರಿಗೆ ಬರೆದುಬಿಡುತ್ತಾರೆ. ಎರಡೂ ಒಂದೇ ಅಲ್ಲ. ಮನೆಯವರು ದುಡ್ಡು ಎಲ್ಲಿ ಹಾಕಬೇಕು ಅನ್ನೋದು ಈ ವ್ಯತ್ಯಾಸದ ಮೇಲೇ ನಿಂತಿದೆ.

ಜೀರ್ಣದ ಮೂಲ ಸಂಸ್ಕೃತದ ‘ಜೄ’ ಧಾತು. ಧಾತುಪಾಠದಲ್ಲಿ ಅದರ ಅರ್ಥ ‘ವಯೋಹಾನಿ’. ಮುಪ್ಪಿನ ಜರೆ, ಹೊಟ್ಟೆಯ ಅಜೀರ್ಣ, ದೇವಸ್ಥಾನದ ಜೀರ್ಣೋದ್ಧಾರ ಎಲ್ಲ ಒಂದೇ ಬೇರಿನವು. ಗ್ರೀಕರು ಮುದುಕನಿಗೆ ಹೇಳುವ ‘ಗೆರೋನ್’ ಕೂಡ ಇದರ ದಾಯಾದಿ. ಹಾಗಾಗಿ ಕಾಲ ಕಳೆದು ವಸ್ತುವೇ ಸವೆದಿದ್ದರೆ ಮಾತ್ರ ಜೀರ್ಣ. ಶಿಥಿಲ ಎಂದರೆ ಬಿಗಿ ತಪ್ಪಿದ್ದು. ನಮ್ಮ ‘ಸಡಿಲ’ ಅದರದೇ ತದ್ಭವ. ಹಳಗನ್ನಡ ಛಂದಸ್ಸಿನ ಶಿಥಿಲದ್ವಿತ್ವ ನೆನಪಿದೆಯಲ್ಲ, ಒತ್ತಕ್ಷರವಿದ್ದರೂ ಅದನ್ನು ಸಡಿಲವಾಗಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಗುರುವಾಗುವುದಿಲ್ಲ. ಪಾಯ ಕುಸಿದರೆ ಎರಡು ವರ್ಷದ ಮನೆಯೂ ಶಿಥಿಲವಾಗುತ್ತದೆ. ಅದನ್ನು ಜೀರ್ಣ ಅನ್ನಬಾರದು.

ಬಸವನಗುಡಿ, ಮಲ್ಲೇಶ್ವರದ ಮದ್ರಾಸ್ ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಚಾವಣಿ) ಮನೆಗಳಲ್ಲಿ ತೊಲೆಯ ನಡುಭಾಗ ನೋಡಿ ತೀರ್ಮಾನ ಮಾಡಬೇಡಿ. ಮೊದಲು ಕೆಡುವುದು ಗೋಡೆಯೊಳಗೆ ಹೂತ ತುದಿ. ಅಲ್ಲಿ ಗಾಳಿಯಾಡದೆ ಗೋಡೆಯ ತೇವ ಮರಕ್ಕೆ ಇಳಿಯುತ್ತದೆ, ತೇವಾಂಶ ಶೇ. 20 ದಾಟಿ ಹಾಗೇ ನಿಂತರೆ ಬೂಸ್ಟು ಹತ್ತುತ್ತದೆ. ಸ್ಕ್ರೂಡ್ರೈವರ್ ಒತ್ತಿ: ಗಟ್ಟಿ ಮರ ತಡೆಯುತ್ತದೆ, ಲಡ್ಡು ಹಿಡಿದ ಮರದೊಳಕ್ಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ಸುಣ್ಣದ ಗಾರೆಯ ಗೋಡೆಗೆ ಯಾರಾದರೂ ಸಿಮೆಂಟು ಪ್ಲಾಸ್ಟರ್ ಮಾಡಿಸಿದ್ದರೆ ಆ ಭಾಗವನ್ನು ಎರಡು ಸಲ ನೋಡಿ. ತೇವ ಹೊರಬರಲು ದಾರಿಯಿಲ್ಲದೆ ತೊಲೆಯ ತುದಿಗೇ ನುಗ್ಗಿರುತ್ತದೆ.

ಆರ್‌ಸಿಸಿಯ, ಅಂದರೆ ಕಂಬಿ ಹಾಕಿದ ಕಾಂಕ್ರೀಟಿನ, ಮುಪ್ಪು ಬೇರೆ ತರಹ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು, 12.5ರ ಮೇಲಿದ್ದ ಪಿಎಚ್ (ಕ್ಷಾರದ ಅಳತೆ) 9ಕ್ಕಿಂತ ಕೆಳಗೆ ಬಂದರೆ ಕಂಬಿಗೆ ರಕ್ಷಣೆ ಹೋಗಿ ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಹಾಗಾಗಿ ಬಿರುಕು ಕಂಬಿಯ ಸಾಲಿನಲ್ಲೇ ಓಡಿರುತ್ತದೆ. ಆಗಷ್ಟೇ ಒಡೆದ ಜಾಗಕ್ಕೆ ಶೇ. 1ರ ಫಿನಾಲ್ಫ್ಥಲೀನ್ ದ್ರಾವಣ (ಕ್ಷಾರ ತಾಗಿದರೆ ಬಣ್ಣ ಬರುವ ರಾಸಾಯನಿಕ) ಸಿಂಪಡಿಸಿ: ಗುಲಾಬಿಯಾದರೆ ಕ್ಷಾರ ಉಳಿದಿದೆ, ಬಣ್ಣ ಬಾರದಿದ್ದರೆ ಜೀರ್ಣ. ಸಿಂಪಡಿಸುವ ಮೊದಲು ಧೂಳು ಊದಿ ತೆಗೆಯಲೇಬೇಕು. ಒಳಗಿನ ಪುಡಿ ಮೇಲೆ ಕೂತಿದ್ದರೆ ಕೆಟ್ಟ ಭಾಗವೂ ಗುಲಾಬಿ ಕಾಣುತ್ತದೆ.

ವರದಿಯಲ್ಲಿ ಜಾಗ, ಅಳತೆ, ಪದ ಮೂರೂ ಇರಲಿ: ‘ಪಡಸಾಲೆ, ಪಶ್ಚಿಮ ಗೋಡೆ, 3ನೇ ತೊಲೆ: ತುದಿಯ 6 ಇಂಚು ಜೀರ್ಣ, ಉಳಿದದ್ದು ಗಟ್ಟಿ. ಅಡುಗೆಮನೆ ಬಾಗಿಲ ಮೇಲಿನ ಗೋಡೆ: ಇಟ್ಟಿಗೆ ಗಟ್ಟಿ, ಮೂಲೆಯ ಸಂದು ಬಿಟ್ಟು ಶಿಥಿಲ.’